ರೋಡ್ ಬೈಕಿನ ಟೈರು ಮತ್ತು ಸೀಟಿನ ಕೆಳಗಿನ ಚೀಲ

(ಬೆಂಗಳೂರಿನಲ್ಲಿ ಸೈಕಲ್ ಸವಾರರ ಒಂದು ಕೂಟದಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಸಭೆಯಲ್ಲಿ ಬಂದ ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮಲ್ಲಿ ಯಾವ ಹೆದ್ದಾರಿ ಹಿಡಿದು ಹೋದರೂ ಸ್ವಲ್ಪ ದೂರಕ್ಕೊಂದು ಪಂಕ್ಚರ್ ಅಂಗಡಿ ಸಿಗುತ್ತದೆ. ನೇತುಹಾಕಿದ ಹಳೇ ಟೈರು, ಒಂದು ಕಂಪ್ರೆಸರ್, ಒಂದು ನೀರಿನ ತೊಟ್ಟಿ. ಹೀಗಿರುವಾಗ ಸೈಕಲ್ ಸವಾರರು ಚೀಲದಲ್ಲಿ ಇಷ್ಟೆಲ್ಲ ಸಾಮಾನು ಯಾಕೆ ಹೊರಬೇಕು ಅಂತ ಹೊಸಬರು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಇವತ್ತಿನ ಮಾತನ್ನು ಅಲ್ಲಿಂದಲೇ ಶುರು ಮಾಡುತ್ತೇನೆ.

ಆ ಅಂಗಡಿಯವರ ಕೈಯಲ್ಲಿ ವಿದ್ಯೆ ಇದೆ, ಅದರಲ್ಲಿ ಎರಡು ಮಾತಿಲ್ಲ. ಲಾರಿ, ಟ್ರ್ಯಾಕ್ಟರ್, ಬೈಕು ಎಲ್ಲಕ್ಕೂ ಪಂಕ್ಚರ್ ಹಾಕುತ್ತಾರೆ. ಆದರೆ ನಿಮ್ಮ ರೋಡ್ ಬೈಕಿನ, ಅಂದರೆ ತೆಳು ಟೈರಿನ ವೇಗದ ಸೈಕಲ್ಲಿನ, ವಾಲ್ವ್ ಪ್ರೆಸ್ಟಾ, ತೆಳ್ಳಗೆ ಉದ್ದಕ್ಕಿದ್ದು ತುದಿಯಲ್ಲಿ ತಿರುಗಿಸಿ ಬಿಚ್ಚುವ ಪುಟ್ಟ ನಟ್ಟು ಇರುವಂಥದ್ದು. ಅವರ ಕಂಪ್ರೆಸರಿನ ಮೂತಿ ಕಾರು, ಬೈಕುಗಳ ಶ್ರೇಡರ್ ವಾಲ್ವಿಗೆ ಮಾಡಿದ್ದು. ಗಾಳಿ ಹೊಡೆಯೋದಕ್ಕೇ ಆಗುವುದಿಲ್ಲ. ಹೋಗಲಿ, ಊರಿನ ಸೈಕಲ್ ಅಂಗಡಿಯಲ್ಲಿ ಹೊಸ ಟ್ಯೂಬ್ ತೆಗೆದುಕೊಳ್ಳೋಣ ಅಂದರೆ ಅದರಲ್ಲಿರುವುದು ಡನ್‌ಲಪ್ ವಾಲ್ವ್, ಇಲ್ಲವೇ ಶ್ರೇಡರ್. ಎರಡರ ಕಾಂಡವೂ ಸುಮಾರು ಎಂಟು ಮಿಲಿಮೀಟರ್ ದಪ್ಪ. ನಿಮ್ಮ ರಿಮ್ಮಿನಲ್ಲಿ ಪ್ರೆಸ್ಟಾಗೆ ಕೊರೆದ ತೂತು ಸುಮಾರು ಆರೂವರೆ ಮಿಲಿಮೀಟರ್. ಅದು ಒಳಗೆ ಹೋಗುವುದೇ ಇಲ್ಲ.

ಟೈರ್ ಹರಿದರೆ ಇನ್ನೂ ಕಷ್ಟ. ಹಾಲು, ಪೇಪರ್ ಹಾಕುವವರ ದೊಡ್ಡ ಕಪ್ಪು ಸೈಕಲ್ ನೋಡಿದ್ದೀರಲ್ಲ, ಅದರ ಟೈರಿನ ಮೇಲೆ 28 ಇಂಚು ಅಂತ ಇರುತ್ತದೆ. ರೋಡ್ ಬೈಕಿನ 700ಸಿ ಚಕ್ರವನ್ನೂ ಜನ 28 ಇಂಚು ಅಂತಲೇ ಕರೆಯುತ್ತಾರೆ. ಎರಡೂ ಒಂದೇ ಅಲ್ವಾ ಅನ್ನಿಸುತ್ತದೆ. ಅಲ್ಲ. ಆ ಸೈಕಲ್ಲಿನ ಟೈರು ರಿಮ್ಮಿನ ಮೇಲೆ ಕೂರುವ ವ್ಯಾಸ 635 ಮಿಲಿಮೀಟರ್, ನಿಮ್ಮದು 622. ಹದಿಮೂರು ಮಿಲಿಮೀಟರ್ ವ್ಯತ್ಯಾಸ. ಎಂಥ ಮಾಂತ್ರಿಕನಿಗೂ ಅದನ್ನು ನಿಲ್ಲಿಸೋದಕ್ಕೆ ಆಗುವುದಿಲ್ಲ.

ಅಂದರೆ ಊರು ದಾಟಿದ ಮೇಲೆ ನಿಮ್ಮ ಸೈಕಲ್ಲಿಗೆ ಇರುವ ಒಂದೇ ಪಂಕ್ಚರ್ ಅಂಗಡಿ ನೀವೇ. ಅದಕ್ಕೇ ನಾನು ಟೈರಿನ ಆಯ್ಕೆ ಮತ್ತು ಚೀಲದ ಸಾಮಾನು ಎರಡನ್ನೂ ಬೇರೆ ಬೇರೆ ವಿಷಯ ಮಾಡಿ ಮಾತಾಡುವುದಿಲ್ಲ. ಯಾವ ಟೈರ್ ಹಾಕುತ್ತೀರೋ ಅದು ರಸ್ತೆ ಬದಿಯಲ್ಲಿ ನೀವು ಮಾಡಬೇಕಾದ ಕೆಲಸವನ್ನು ತೀರ್ಮಾನಿಸುತ್ತದೆ. ಯಾವ ಕೆಲಸ ನಿಮ್ಮ ಕೈಯಲ್ಲಿ ಆಗುತ್ತದೋ ಅದು ನೀವು ಹಾಕಬೇಕಾದ ಟೈರನ್ನು ತೀರ್ಮಾನಿಸಬೇಕು.

ಇದು ಹಳೇ ವಿಷಯ. ಬೆಲ್‌ಫಾಸ್ಟಿನಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಸೈಕಲ್ ಟೈರಿಗೆ ಪೇಟೆಂಟ್ ಪಡೆದದ್ದು 1888ರಲ್ಲಿ. ಓಡಿಸೋದಕ್ಕೆ ಬಹಳ ಹಿತ. ಆದರೆ ಅದನ್ನು ರಿಮ್ಮಿಗೆ ಅಂಟಿಸುತ್ತಿದ್ದರು. ಮರುವರ್ಷ ಫ್ರಾನ್ಸಿನ ಕ್ಲೆರ್ಮಾಂ-ಫೆರಾನಿನಲ್ಲಿದ್ದ ಮಿಷೆಲಿನ್ ಸೋದರರ ರಬ್ಬರ್ ಕಾರ್ಖಾನೆಗೆ ಯಾರೋ ಒಬ್ಬ ಸವಾರ ಅಂಥ ಟೈರನ್ನು ರಿಪೇರಿಗೆ ತಂದ. ಕಿತ್ತು ಸರಿಮಾಡಿ ಅಂಟಿಸುವುದಕ್ಕೆ ಗಂಟೆಗಟ್ಟಲೆ, ಅಂಟು ಒಣಗುವುದಕ್ಕೆ ಇಡೀ ರಾತ್ರಿ. ಬೆಳಗ್ಗೆ ಸ್ವಲ್ಪ ದೂರ ಓಡಿಸುವುದರೊಳಗೆ ಮತ್ತೆ ಗಾಳಿ ಹೋಯಿತು. ಟೈರನ್ನು ಕಳಚಿ ಹಾಕುವ ಹಾಗೆ ಮಾಡಬೇಕು ಅನ್ನುವ ಯೋಚನೆ ಅವರಿಗೆ ಬಂದದ್ದು ಅಲ್ಲಿ. 1891ರಲ್ಲಿ ಮೊದಲ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ನಡೆದಾಗ ಶಾರ್ಲ್ ತೆರೋಂ ಅನ್ನುವ ಸವಾರ ಮಿಷೆಲಿನ್‌ರ ಕಳಚುವ ಟೈರ್ ಹಾಕಿಕೊಂಡು ಸುಮಾರು 1,200 ಕಿಲೋಮೀಟರ್ ಓಡಿಸಿ ಗೆದ್ದ. ನಾವು ಇವತ್ತು ಬಳಸುವ ಟೈರು ಹುಟ್ಟಿದ್ದೇ ರಿಪೇರಿಯ ಕಷ್ಟದಿಂದ. ಅದನ್ನು ಕೊಳ್ಳುವಾಗ ಬರೀ ವೇಗ, ತೂಕ ನೋಡಿದರೆ ಅರ್ಧ ವಿಷಯ ಬಿಟ್ಟ ಹಾಗೆ.

ಈಗ ನಮ್ಮ ರಸ್ತೆಗೆ ಬರೋಣ. ಟೈರನ್ನು ಏನು ಚುಚ್ಚುತ್ತದೆ ಅಂತ ಗೊತ್ತಿಲ್ಲದೆ ಟೈರ್ ಆರಿಸೋದು ಹೇಗೆ?

ಹೆದ್ದಾರಿಯಲ್ಲಿ ದೊಡ್ಡ ಶತ್ರು ತಂತಿ. ಕೂದಲಿಗಿಂತ ತುಸು ದಪ್ಪ, ಒಂದೆರಡು ಸೆಂಟಿಮೀಟರ್ ಉದ್ದ, ಉಕ್ಕಿನದು. ಲಾರಿಗಳ ರೇಡಿಯಲ್ ಟೈರಿನೊಳಗೆ ಉಕ್ಕಿನ ತಂತಿ ಹೆಣೆದಿರುತ್ತಾರೆ. ಟೈರ್ ಒಡೆದು ಚೂರಾದಾಗ ಆ ತಂತಿಗಳು ರಸ್ತೆಯ ಅಂಚಿಗೆ ಸರಿಯುತ್ತವೆ. ನಾವು ಓಡಿಸುವುದೂ ಅಲ್ಲೇ. ಬಳ್ಳಾರಿ ರಸ್ತೆಯಲ್ಲಿ ದೇವನಹಳ್ಳಿ ಕಡೆ, ತುಮಕೂರು ರಸ್ತೆಯಲ್ಲಿ, ಕೋಲಾರದ ರಸ್ತೆಯಲ್ಲಿ ಬಿಳಿ ಗೆರೆಯ ಎಡಗಡೆ ಕಪ್ಪು ರಬ್ಬರಿನ ಚಿಂದಿ ಬಿದ್ದಿರುವುದನ್ನು ನೋಡಿರುತ್ತೀರಿ. ಚಿಂದಿ ಕಂಡ ಜಾಗದಲ್ಲಿ ತಂತಿಯೂ ಇದೆ ಅಂತಲೇ ತಿಳಿಯಿರಿ, ಕನ್ನಡಿಯಲ್ಲೋ ತಿರುಗಿಯೋ ಹಿಂದೆ ನೋಡಿಕೊಂಡು, ವಾಹನ ಇಲ್ಲದಿದ್ದರೆ ಸ್ವಲ್ಪ ಬಲಕ್ಕೆ ಸರಿದು ದಾಟಿ. ಈ ತಂತಿಯ ಕೆಟ್ಟ ಗುಣ ಏನೆಂದರೆ ಅದು ತಕ್ಷಣ ಗಾಳಿ ತೆಗೆಯುವುದಿಲ್ಲ. ಟೈರಿನಲ್ಲಿ ಕೂತು ಪ್ರತಿ ಸುತ್ತಿಗೂ ಒಂದಿಷ್ಟು ಒಳಗೆ ಸರಿಯುತ್ತದೆ. ಹೊರಗಿನಿಂದ ಕಾಣುವುದಿಲ್ಲ. ಟ್ಯೂಬ್ ಬದಲಾಯಿಸಿ ಹೊರಟರೆ ಎರಡು ಕಿಲೋಮೀಟರಿಗೆ ಹೊಸ ಟ್ಯೂಬನ್ನೂ ಚುಚ್ಚುತ್ತದೆ.

ಮೈಸೂರು ರಸ್ತೆಯವರಿಗೆ ಇನ್ನೊಂದು ಮಾತು. 2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋ, ಸೈಕಲ್ಲುಗಳಿಗೆ ಪ್ರವೇಶ ಇಲ್ಲ. ನಾವು ಸರ್ವಿಸ್ ರಸ್ತೆಯಲ್ಲಿ ಹೋಗಬೇಕು. ಅಲ್ಲಿ ಬಾಟಲಿ ಗಾಜು, ಜಲ್ಲಿ, ಮರಳು, ಅಂಗಡಿ ಮುಂದಿನ ಮೊಳೆ. ರೇಸಿಗೆ ಮಾಡಿದ ತೆಳು ಟೈರು ಅಲ್ಲಿಗೆ ತಕ್ಕದ್ದಲ್ಲ.

ಬಯಲುಸೀಮೆಯಲ್ಲಿ ಮುಳ್ಳು. ಬಳ್ಳಾರಿ ಜಾಲಿ ರಸ್ತೆಬದಿಯಲ್ಲೆಲ್ಲ ಬೆಳೆದಿದೆ, ಅದನ್ನು ಸವರಿದ ದಿನ ಟೊಂಗೆಗಳು ಡಾಂಬರಿನ ಮೇಲೇ ಬಿದ್ದಿರುತ್ತವೆ. ಮುಳ್ಳು ಗಟ್ಟಿ, ಉದ್ದ. ಅದಕ್ಕಿಂತ ಕಾಣದ ಹಾಗೆ ಚುಚ್ಚುವುದು ನೆಗ್ಗಿಲು ಮುಳ್ಳು. ನೆಲಕ್ಕೆ ಹರಡಿ ಬೆಳೆಯುವ ಪುಟ್ಟ ಬಳ್ಳಿ, ಹಳದಿ ಹೂವು. ಅದರ ಕಾಯಿ ಒಣಗಿ ಐದು ಹೋಳಾಗುತ್ತದೆ, ಹೋಳು ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೆ ಮುಖ ಮಾಡಿಯೇ ಇರುತ್ತದೆ. ಟೀ ಕುಡಿಯಲು ಸೈಕಲ್ಲನ್ನು ರಸ್ತೆಯಿಂದ ಇಳಿಸಿ ಮಣ್ಣಿನಲ್ಲಿ ತಳ್ಳಿಕೊಂಡು ಹೋಗುತ್ತೀರಲ್ಲ, ಆಗಲೇ ಅದು ಹತ್ತಿಕೊಳ್ಳೋದು. ಅಂಥ ನೆಲದಲ್ಲಿ ಸೈಕಲ್ಲನ್ನು ಎತ್ತಿಕೊಂಡು ನಡೆಯಿರಿ, ಸುಮ್ನೆ ತಳ್ಳಬೇಡಿ.

ಮಳೆಗಾಲದಲ್ಲಿ ಪಂಕ್ಚರ್ ಜಾಸ್ತಿ ಆಗುತ್ತದೆ. ಇದಕ್ಕೆ ಕಾರಣ ಇದೆ. ಮಳೆನೀರು ಕಸವನ್ನೆಲ್ಲ ರಸ್ತೆಯ ಅಂಚಿಗೆ ಕೊಚ್ಚಿ ತರುತ್ತದೆ, ಜೊತೆಗೆ ಒದ್ದೆಯಾದ ಗಾಜು ರಬ್ಬರನ್ನು ಸುಲಭವಾಗಿ ಕೊಯ್ಯುತ್ತದೆ. ನೀರು ಅಲ್ಲಿ ಎಣ್ಣೆಯ ಕೆಲಸ ಮಾಡುತ್ತದೆ.

ಕೊನೆಯದು ಗುಂಡಿ. ಗುಂಡಿಯ ಅಂಚಿಗೆ ಚಕ್ರ ಬಡಿದಾಗ ಟೈರು ರಿಮ್ಮಿನವರೆಗೆ ಅಮುಕಿ ಟ್ಯೂಬು ಮಧ್ಯೆ ಸಿಕ್ಕಿಕೊಳ್ಳುತ್ತದೆ. ಪಕ್ಕಪಕ್ಕದಲ್ಲಿ ಎರಡು ತೂತು. ಹಾವು ಕಚ್ಚಿದ ಗುರುತಿನ ಹಾಗಿರುವುದರಿಂದ ಸ್ನೇಕ್ ಬೈಟ್ ಅನ್ನುತ್ತಾರೆ. ಗಾಳಿ ಕಡಿಮೆ ಇದ್ದರೆ, ಟೈರು ತೆಳ್ಳಗಿದ್ದರೆ ಇದು ಆಗುತ್ತದೆ.

ಇಷ್ಟು ಹೇಳಿದ ಮೇಲೆ ಅಗಲದ ವಿಷಯ. ಹದಿನೈದು ವರ್ಷದ ಹಿಂದೆ ರೋಡ್ ಬೈಕ್ ಅಂದರೆ 23 ಮಿಲಿಮೀಟರ್ ಟೈರು, ಕಲ್ಲಿನ ಹಾಗೆ ಗಾಳಿ. ಅಗಲ ಕಡಿಮೆ ಇದ್ದಷ್ಟೂ ವೇಗ ಜಾಸ್ತಿ ಅನ್ನುವ ನಂಬಿಕೆ ಇತ್ತು. ಆ ನಂಬಿಕೆ ಈಗ ವೃತ್ತಿಪರ ರೇಸಿನಲ್ಲೇ ಇಲ್ಲ. ಅವರೂ 28, 30 ಹಾಕುತ್ತಾರೆ. ಯಾಕೆಂದರೆ ಟೈರು ಉರುಳುವಾಗ ನೆಲಕ್ಕೆ ತಾಗಿದ ಭಾಗ ಬಾಗುತ್ತದೆ, ಮತ್ತೆ ನೇರವಾಗುತ್ತದೆ. ಹಾಗೆ ಬಾಗುವುದರಲ್ಲಿ ಶಕ್ತಿ ನಷ್ಟವಾಗುತ್ತದೆ. ಒಂದೇ ಒತ್ತಡದಲ್ಲಿ ಅಗಲದ ಟೈರು ನೆಲಕ್ಕೆ ತಾಗುವ ಭಾಗ ಗಿಡ್ಡ, ಹಾಗಾಗಿ ಬಾಗುವುದೂ ಕಡಿಮೆ. ಇನ್ನು ಒತ್ತಡ ತೀರಾ ಜಾಸ್ತಿ ಮಾಡಿದರೆ ಒರಟು ರಸ್ತೆಯಲ್ಲಿ ಟೈರಿನ ಬದಲು ನೀವೂ ಸೈಕಲ್ಲೂ ಕುಣಿಯುತ್ತೀರಿ, ಆ ಕುಣಿತಕ್ಕೂ ನಿಮ್ಮ ಕಾಲಿನ ಶಕ್ತಿಯೇ ಖರ್ಚು. ನಮ್ಮ ಡಾಂಬರು ಒರಟು. ಗಟ್ಟಿ ಟೈರು ವೇಗವಾಗಿ ಓಡಿದ ಹಾಗೆ ಅನ್ನಿಸುತ್ತದೆ, ಅಷ್ಟೇ.

ನನ್ನ ಸಲಹೆ ನೇರವಾಗಿ ಹೇಳುತ್ತೇನೆ. ಕರ್ನಾಟಕದ ರಸ್ತೆಗೆ 28 ಕನಿಷ್ಠ. ಫ್ರೇಮಿನಲ್ಲಿ ಜಾಗ ಇದ್ದರೆ 32. ಬ್ರೆವೆ ಓಡಿಸುವವರು, ಅಂದರೆ ಗೊತ್ತುಮಾಡಿದ ಸಮಯದೊಳಗೆ 200, 300, 600 ಕಿಲೋಮೀಟರ್ ಹೋಗುವವರು, ಎರಡನೇ ಯೋಚನೆ ಮಾಡದೆ 32 ಹಾಕಿ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ ಸಮಯ ಇದೆ. ಆ ಸಮಯವನ್ನು ತಿನ್ನುವುದು ಟೈರಿನ ನಾಲ್ಕು ಮಿಲಿಮೀಟರ್ ಅಲ್ಲ. ರಸ್ತೆ ಬದಿಯಲ್ಲಿ ಕೂತ ಅರ್ಧ ಗಂಟೆ ತಿನ್ನುತ್ತದೆ, ಬೆನ್ನು ನೋವು ತಿನ್ನುತ್ತದೆ.

ಜಾಗ ಇದೆಯೋ ಇಲ್ಲವೋ ಅಂತ ಅಳೆದು ನೋಡಿ. ಫೋರ್ಕಿನ ಕೆಳಗೆ, ಬ್ರೇಕಿನ ಕೆಳಗೆ, ಹಿಂದೆ ಎರಡೂ ಕಡೆ ನಾಲ್ಕು ಮಿಲಿಮೀಟರ್ ಖಾಲಿ ಇರಬೇಕು. ಹಳೇ ರಿಮ್ ಬ್ರೇಕ್ ಫ್ರೇಮುಗಳಲ್ಲಿ 25 ಕೂರುವುದೇ ಕಷ್ಟ, ಅಂಥವರು ಬಲವಂತ ಮಾಡಬೇಡಿ, ಗಟ್ಟಿಮುಟ್ಟಾದ 25 ಹಾಕಿ. ಇನ್ನೊಂದು ವಿಷಯ, ಟೈರಿನ ಮೇಲೆ ಬರೆದ ಅಗಲ ನಿಜವಾದ ಅಗಲ ಆಗಿರಬೇಕೆಂದಿಲ್ಲ. ಈಗಿನ ರಿಮ್ಮುಗಳು ಒಳಗೆ ಅಗಲ, ಅವುಗಳ ಮೇಲೆ 28ರ ಟೈರು ಅಳೆದರೆ 30 ಬರಬಹುದು. ಗೆಳೆಯರ ಚಕ್ರ ಎರವಲು ತಂದು ಹಾಕಿ ನೋಡುವುದು ಒಳ್ಳೆಯದು.

ಗಾಳಿ ಎಷ್ಟು? ಟೈರಿನ ಪಕ್ಕದಲ್ಲಿ ಬರೆದ ದೊಡ್ಡ ಅಂಕಿಯನ್ನು ನೋಡಿ ಅಷ್ಟು ಹೊಡೆಯುವವರು ಬಹಳ. ಅದು ಮಿತಿ, ದಾಟಬಾರದು ಅಂತ ಬರೆದದ್ದು. ಎಪ್ಪತ್ತು ಕೆಜಿ ತೂಗುವವರು 25ಕ್ಕೆ 80-85 ಪಿಎಸ್‌ಐ, 28ಕ್ಕೆ 65-75, 32ಕ್ಕೆ 50-60ರಿಂದ ಶುರು ಮಾಡಬಹುದು. ಹಿಂದಿನ ಚಕ್ರಕ್ಕೆ ಮೂರು ನಾಲ್ಕು ಜಾಸ್ತಿ, ಯಾಕೆಂದರೆ ತೂಕ ಹಿಂದೆ ಹೆಚ್ಚು ಬೀಳುತ್ತದೆ. ತೂಕ ಜಾಸ್ತಿ ಇರುವವರು, ಬ್ಯಾಗು ಕಟ್ಟಿಕೊಂಡವರು ಏರಿಸಿಕೊಳ್ಳಿ. ಗುಂಡಿಯಲ್ಲಿ ರಿಮ್ ತಾಗಿದ ಸದ್ದು ಬಂದರೆ ಗಾಳಿ ಸಾಲದು ಅಂತ ಅರ್ಥ. ಹುಕ್‌ಲೆಸ್ ರಿಮ್, ಅಂದರೆ ಟೈರನ್ನು ಹಿಡಿಯುವ ಕೊಕ್ಕೆ ಅಂಚಿನಲ್ಲಿ ಇಲ್ಲದ ರಿಮ್, ಇರುವವರಿಗೆ ಮಾತ್ರ ಒಂದು ಎಚ್ಚರಿಕೆ. ಅದರ ಮಿತಿ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ, ಮತ್ತು ಹುಕ್‌ಲೆಸ್‌ಗೆ ಆಗುತ್ತದೆ ಅಂತ ಕಂಪನಿ ಹೇಳಿದ ಟೈರನ್ನೇ ಹಾಕಬೇಕು. ಇಲ್ಲಿ ಹಟ ಮಾಡಿದರೆ ಟೈರು ರಿಮ್ಮಿನಿಂದ ಹಾರಿಹೋಗುತ್ತದೆ.

ಯಾವ ಟೈರು ಅಂತ ಹೆಸರು ಹೇಳಿ ಅಂದರು ಒಬ್ಬರು. ಹೇಳುತ್ತೇನೆ, ಆದರೆ ಮೊದಲು ಟೈರಿನೊಳಗೆ ಏನಿದೆ ಅಂತ ತಿಳಿದುಕೊಳ್ಳಿ. ದಾರದ ಬಟ್ಟೆ ಒಂದು, ಅದರ ಮೇಲೆ ರಬ್ಬರು, ಇವೆರಡರ ಮಧ್ಯೆ ಚುಚ್ಚದ ಹಾಗೆ ಒಂದು ಪಟ್ಟಿ. ಟಿಪಿಐ ಅಂತ ಬರೆಯುತ್ತಾರಲ್ಲ, ಅದು ಒಂದು ಇಂಚಿನಲ್ಲಿ ಎಷ್ಟು ಎಳೆ ಅನ್ನುವ ಲೆಕ್ಕ. ಎಳೆ ಜಾಸ್ತಿ ಇದ್ದರೆ ಬಟ್ಟೆ ನವಿರು, ಟೈರು ಸಲೀಸಾಗಿ ಉರುಳುತ್ತದೆ, ಆದರೆ ಪಕ್ಕದ ಗೋಡೆ ಸೂಕ್ಷ್ಮ. ಅರವತ್ತರ ಟೈರು ಒರಟು, ಗಟ್ಟಿ. ಕೆಲವು ಕಂಪನಿಗಳು ಮೂರು ಪದರದ ಎಳೆಗಳನ್ನು ಕೂಡಿಸಿ 330 ಅಂತ ಬರೆಯುತ್ತವೆ, ಆ ಅಂಕಿ ನೋಡಿ ಮರುಳಾಗಬೇಡಿ.

ಕಾಂಟಿನೆಂಟಲ್‌ನ ಗ್ರ್ಯಾಂಡ್ ಪ್ರಿ 5000 ವೇಗದ ಟೈರು, ಒಳಗೆ ವೆಕ್ಟ್ರಾನ್ ಅನ್ನುವ ಗಟ್ಟಿ ನಾರಿನ ಪಟ್ಟಿ ಇದೆ. ಪಟ್ಟಿ ಇರುವುದು ನೆಲ ಮುಟ್ಟುವ ಭಾಗದ ಕೆಳಗೆ ಮಾತ್ರ. ಜಲ್ಲಿಯ ಮೇಲೆ ಪಕ್ಕ ಉಜ್ಜಿದರೆ ಕಾಪಾಡುವವರು ಯಾರೂ ಇಲ್ಲ. ಅದೇ ಕಂಪನಿಯ ಫೋರ್ ಸೀಸನ್, ಗೇಟರ್‌ಸ್ಕಿನ್‌ಗಳಲ್ಲಿ ಪಕ್ಕಕ್ಕೂ ರಕ್ಷಣೆಯ ಬಟ್ಟೆ ಇದೆ. ಗೇಟರ್‌ಸ್ಕಿನ್ ಗಟ್ಟಿ, ನಿಜ, ಆದರೆ ಒದ್ದೆ ರಸ್ತೆಯಲ್ಲಿ ಅದರ ಹಿಡಿತ ನನಗೆ ಸಮಾಧಾನ ತಂದಿಲ್ಲ. ಚಾರ್ಮಾಡಿ, ಆಗುಂಬೆ ಕಡೆ ಮುಂಗಾರಿನಲ್ಲಿ ಇಳಿಯುವವರು ಇದನ್ನು ಯೋಚಿಸಬೇಕು. ಅಲ್ಲಿ ಪಂಕ್ಚರ್ ಆಗದಿರುವುದಕ್ಕಿಂತ ತಿರುವಿನಲ್ಲಿ ಜಾರದಿರುವುದು ದೊಡ್ಡದು. ಶ್ವಾಲ್ಬೆಯ ಮ್ಯಾರಥಾನ್ ಪ್ಲಸ್ ಚುಚ್ಚೋದು ಬಹಳ ಕಷ್ಟ, ಆದರೆ ಒಂದೊಂದೂ ಅರ್ಧ ಕೆಜಿಗಿಂತ ಜಾಸ್ತಿ ತೂಕ. ಮತ್ತೆ ಅದನ್ನು ರಿಮ್ಮಿನಿಂದ ಬಿಡಿಸುವುದು ಕೈಗೆ ಶಿಕ್ಷೆ. ಆಫೀಸಿಗೆ ಹೋಗಿಬರುವವರಿಗೆ, ಲಗೇಜ್ ಕಟ್ಟಿಕೊಂಡು ಊರೂರು ತಿರುಗುವವರಿಗೆ ಅದು ಸರಿ. ನನ್ನನ್ನು ಕೇಳಿದರೆ ಫೋರ್ ಸೀಸನ್ ದರ್ಜೆಯ ಟೈರು, 28 ಅಥವಾ 32. ವೇಗ, ಹಿಡಿತ, ರಕ್ಷಣೆ ಯಾವುದನ್ನೂ ಪೂರ್ತಿ ಬಿಟ್ಟುಕೊಡದ ದರ್ಜೆ ಅದು.

ಕೊಂಡು ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಮನೆಯಲ್ಲಿ ಕೂತು ಆ ಟೈರನ್ನು ನಿಮ್ಮ ರಿಮ್ಮಿಗೆ ಹಾಕಿ, ತೆಗೆಯಿರಿ. ಟೈರ್ ಮೀಟುವ ಎರಡು ಪ್ಲಾಸ್ಟಿಕ್ ಲಿವರಿನಿಂದ ಆಗುತ್ತದಾ? ಕೆಲವು ಟೈರು, ರಿಮ್ಮುಗಳ ಜೋಡಿ ಎಷ್ಟು ಬಿಗಿ ಅಂದರೆ ಲಿವರೇ ಮುರಿಯುತ್ತದೆ. ಮನೆಯ ಫ್ಯಾನಿನ ಕೆಳಗೆ ಆಗದ್ದು ಬೆಳಗಿನ ಜಾವ ಚಿಂತಾಮಣಿ ರಸ್ತೆಯಲ್ಲಿ ಆಗುವುದಿಲ್ಲ. ಹಾಗಾದರೆ ಆ ಟೈರು ಎಷ್ಟೇ ಒಳ್ಳೆಯದಿರಲಿ, ನಿಮಗಲ್ಲ.

ಟ್ರೆಡ್ ಇಲ್ಲದ ನುಣುಪು ಟೈರು ಮಳೆಯಲ್ಲಿ ಜಾರುವುದಿಲ್ಲವಾ ಅಂತ ಒಬ್ಬರು ಕೇಳಿದರು. ಡಾಂಬರಿನ ಮೇಲೆ ಆ ಭಯ ಬೇಡ. ಕಾರಿನ ಟೈರು ಅಗಲ, ಚಪ್ಪಟೆ, ಅದರ ಕೆಳಗೆ ನೀರು ಸಿಕ್ಕಿಕೊಳ್ಳುತ್ತದೆ. ಸೈಕಲ್ ಟೈರು ತೆಳು, ದುಂಡು, ನೀರು ತಾನಾಗಿ ಪಕ್ಕಕ್ಕೆ ಹೋಗುತ್ತದೆ. ಹಿಡಿತ ಕೊಡುವುದು ರಬ್ಬರಿನ ಗುಣ. ಬಣ್ಣದ ಗೆರೆ, ರೈಲ್ವೆ ಹಳಿ, ಸೇತುವೆಯ ಕಬ್ಬಿಣದ ಪಟ್ಟಿ, ಇವುಗಳ ಮೇಲೆ ಮಾತ್ರ ಯಾವ ಟೈರಿದ್ದರೂ ಹುಷಾರು.

ಟ್ಯೂಬ್‌ಲೆಸ್ ಬಗ್ಗೆ ಬಹಳ ಜನ ಕೇಳಿದರು. ಮುಳ್ಳಿನ ಸೀಮೆಯಲ್ಲಿ ಅದು ನಿಜವಾಗಿಯೂ ಒಳ್ಳೆಯದು. ಒಳಗೆ ಹಾಕಿದ ಸೀಲೆಂಟ್ ಅನ್ನುವ ದ್ರವ ಸಣ್ಣ ತೂತನ್ನು ತಾನೇ ಮುಚ್ಚುತ್ತದೆ, ನೀವು ಇಳಿಯುವುದೇ ಬೇಡ. ಟ್ಯೂಬೇ ಇಲ್ಲದ್ದರಿಂದ ಸ್ನೇಕ್ ಬೈಟ್ ಕೂಡ ಇಲ್ಲ. ಒತ್ತಡ ಕಡಿಮೆ ಇದ್ದಾಗ ಸೀಲೆಂಟ್ ಚೆನ್ನಾಗಿ ಕೆಲಸ ಮಾಡುತ್ತದೆ. ಒತ್ತಡ ಜಾಸ್ತಿ ಇದ್ದರೆ ಮುಚ್ಚುವ ಮೊದಲೇ ಚಿಮ್ಮಿಹೋಗುತ್ತದೆ. ಹಾಗಾಗಿ 32ಕ್ಕೆ ಸರಿ, 25ಕ್ಕೆ ನಾನು ಹೇಳುವುದಿಲ್ಲ. ಆದರೆ ನಮ್ಮ ಬಿಸಿಲಿನಲ್ಲಿ ಸೀಲೆಂಟ್ ಬೇಗ ಒಣಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ನೋಡಿ ತುಂಬಬೇಕು. ಈ ಶಿಸ್ತು ಇಲ್ಲದವರು ಟ್ಯೂಬಿನಲ್ಲೇ ಇರಿ. ಮತ್ತೆ ಟ್ಯೂಬ್‌ಲೆಸ್ ಹಾಕಿದೆ, ಇನ್ನು ಚೀಲ ಬೇಡ ಅಂದುಕೊಳ್ಳಬೇಡಿ. ದೊಡ್ಡ ಕೊಯ್ತ ಬಿದ್ದರೆ ತುರುಕಲು ಬತ್ತಿಯಂಥ ಪ್ಲಗ್ ಬೇಕು, ಅದೂ ಸೈಕಲ್ಲಿಗೆ ಮಾಡಿದ ಸಣ್ಣದು. ಬೈಕಿನ ಅಂಗಡಿಯಲ್ಲಿರುವುದು ದಪ್ಪ, ತೂತನ್ನು ಇನ್ನೂ ದೊಡ್ಡದು ಮಾಡುತ್ತದೆ. ಪ್ಲಗ್ಗೂ ನಿಲ್ಲದಿದ್ದರೆ ಕೊನೆಗೆ ವಾಲ್ವ್ ಕಿತ್ತು ಟ್ಯೂಬೇ ಹಾಕಬೇಕು.

ಈಗ ಚೀಲ.

ಟ್ಯೂಬ್ ಎರಡು. ಒಂದಲ್ಲ. ತಂತಿಯ ವಿಷಯ ಆಗಲೇ ಹೇಳಿದೆ, ಮೊದಲನೆಯದನ್ನು ಕೊಂದದ್ದು ಟೈರಿನಲ್ಲೇ ಉಳಿದಿದ್ದರೆ ಎರಡನೆಯದು ಬೇಕು. ನಿಮ್ಮ ಟೈರಿನ ಅಗಲಕ್ಕೆ ಸರಿಹೊಂದುವ ಟ್ಯೂಬಾ, ವಾಲ್ವ್ ಉದ್ದ ಸಾಕಾ ಅಂತ ನೋಡಿ. ಎತ್ತರದ ಕಾರ್ಬನ್ ರಿಮ್ ಇದ್ದರೆ 60 ಅಥವಾ 80 ಮಿಲಿಮೀಟರ್ ವಾಲ್ವ್ ಬೇಕು. ಗೆಳೆಯರ ಹತ್ತಿರ ಎರವಲು ಸಿಗುತ್ತದೆ ಅಂತ ನಂಬಿ ಹೋದವರಿಗೆ ಅಲ್ಲೇ ತೊಂದರೆ ಆಗುವುದು. ಟ್ಯೂಬನ್ನು ಬರಿದೇ ಚೀಲಕ್ಕೆ ಹಾಕಬೇಡಿ, ಲಿವರಿಗೆ, ಕೀಲಿಗೆ ಉಜ್ಜಿ ಉಜ್ಜಿ ಕೂತಲ್ಲೇ ತೂತಾಗುತ್ತದೆ. ಹಳೇ ಕಾಲುಚೀಲದಲ್ಲಿ ಸುತ್ತಿಡಿ. ಆಮೇಲೆ ಅದೇ ಕಾಲುಚೀಲವನ್ನು ಕೈಗೆ ಹಾಕಿಕೊಂಡು ಚೈನ್ ಮುಟ್ಟಬಹುದು.

ಬ್ಯುಟೈಲ್, ಅಂದರೆ ಮಾಮೂಲಿ ಕಪ್ಪು ರಬ್ಬರಿನ ಟ್ಯೂಬ್ ಸುಮಾರು ನೂರು ಗ್ರಾಂ, ಅಗ್ಗ, ಸಾಮಾನ್ಯ ಪ್ಯಾಚ್ ಹಿಡಿಯುತ್ತದೆ. ಟಿಪಿಯು ಅಂತ ಈಗ ಬಂದಿರುವ ಪ್ಲಾಸ್ಟಿಕ್ಕಿನಂಥ ಟ್ಯೂಬ್ ಮೂವತ್ತು ನಲವತ್ತು ಗ್ರಾಂ, ಮಡಚಿದರೆ ಬೆಂಕಿಪೊಟ್ಟಣದಷ್ಟೇ ಜಾಗ. ಚೀಲದಲ್ಲಿ ಇಡೋದಕ್ಕೆ ಬಹಳ ಅನುಕೂಲ. ಆದರೆ ಸಾಮಾನ್ಯ ಸೊಲ್ಯೂಷನ್ ಅದಕ್ಕೆ ಅಂಟುವುದಿಲ್ಲ, ಅದರದ್ದೇ ಪ್ಯಾಚ್ ಇಟ್ಟುಕೊಳ್ಳಬೇಕು. ರಿಮ್ ಬ್ರೇಕಿನವರು ಪೊಟ್ಟಣದ ಮೇಲಿನ ಸೂಚನೆ ಓದಿ. ಕೆಲವು ಟಿಪಿಯು ಟ್ಯೂಬುಗಳು ಡಿಸ್ಕ್ ಬ್ರೇಕಿಗೆ ಮಾತ್ರ. ನಂದಿ ಬೆಟ್ಟದಂಥ ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇಳಿದರೆ ರಿಮ್ ಕಾಯುತ್ತದೆ, ಆ ಬಿಸಿ ಅವುಗಳಿಗೆ ಆಗಿಬರುವುದಿಲ್ಲ.

ಪ್ಯಾಚ್ ಕಿಟ್ಟು. ಎರಡು ಟ್ಯೂಬೂ ಮುಗಿದ ಮೇಲೆ ಇದೇ ಗತಿ. ಸೊಲ್ಯೂಷನ್ ಟ್ಯೂಬನ್ನು ಒಮ್ಮೆ ತೆರೆದರೆ ಕೆಲವು ತಿಂಗಳಲ್ಲಿ ಒಳಗೇ ಒಣಗಿಹೋಗುತ್ತದೆ, ದೂರದ ಸವಾರಿಗೆ ಹೊರಡುವ ಮೊದಲು ಒತ್ತಿ ನೋಡಿ. ಅಂಟಿಲ್ಲದೆ ಹಚ್ಚುವ ಸ್ಟಿಕರ್ ಪ್ಯಾಚ್ ಮನೆ ಸೇರಿಸುತ್ತದೆ, ಅಷ್ಟು ಸಾಕು.

ಪಂಪು ಮತ್ತು ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್, ಇವೆರಡರಲ್ಲಿ ಯಾವುದು? 16 ಗ್ರಾಮಿನ ಒಂದು ಸಿಲಿಂಡರ್ 28ರ ಟೈರನ್ನು ಕೆಲವೇ ಸೆಕೆಂಡಿನಲ್ಲಿ ತುಂಬುತ್ತದೆ. ಬರಿಗೈಯಲ್ಲಿ ಹಿಡಿಯಬೇಡಿ, ಹಿಮದಷ್ಟು ತಣ್ಣಗಾಗುತ್ತದೆ. ಆದರೆ ಅದು ಒಂದೇ ಸಲ. ವಾಲ್ವಿಗೆ ಸರಿಯಾಗಿ ಕೂರಿಸದಿದ್ದರೆ ಎಲ್ಲ ಹೊರಗೆ ಹೋಯಿತು. ಆ ಅನಿಲ ರಬ್ಬರಿನ ಮೂಲಕ ಬೇಗ ಸೋರುತ್ತದೆ ಕೂಡ, ಮನೆಗೆ ಬಂದು ತೆಗೆದು ಮಾಮೂಲಿ ಗಾಳಿ ಹೊಡೆಯಬೇಕು. ಹಾಗಾಗಿ ಪಂಪು ಕಡ್ಡಾಯ, ಸಿಲಿಂಡರ್ ನಿಮ್ಮಿಷ್ಟ. ಪಂಪಿನಲ್ಲಿ ಪುಟ್ಟ ಕೊಳವೆ ಇರುವಂಥದ್ದನ್ನು ಕೊಳ್ಳಿ. ಇನ್ನೂರು ಮುನ್ನೂರು ಸಲ ಒತ್ತಬೇಕಾಗುತ್ತದೆ, ಪಂಪನ್ನು ನೇರವಾಗಿ ವಾಲ್ವಿಗೆ ಸಿಕ್ಕಿಸಿ ಅಷ್ಟು ಸಲ ಅಲುಗಾಡಿಸಿದರೆ ವಾಲ್ವ್ ಬುಡದಲ್ಲೇ ಹರಿಯುತ್ತದೆ. ಚಾರ್ಜ್ ಮಾಡುವ ಪುಟ್ಟ ಎಲೆಕ್ಟ್ರಿಕ್ ಪಂಪುಗಳು ಬಂದಿವೆ, ಮುಷ್ಟಿಯೊಳಗೆ ಹಿಡಿಸುತ್ತವೆ. ಕೈಯಲ್ಲಿ ಬಲ ಕಡಿಮೆ ಇರುವವರಿಗೆ ವರವೇ ಸರಿ. ಆದರೆ ಹೊರಡುವ ಹಿಂದಿನ ರಾತ್ರಿ ಚಾರ್ಜ್ ನೋಡಲೇಬೇಕು.

ಒಂದು ಹಿತ್ತಾಳೆಯ ಚೂರು, ಪ್ರೆಸ್ಟಾದಿಂದ ಶ್ರೇಡರಿಗೆ ಬದಲಾಯಿಸುವ ಅಡಾಪ್ಟರ್. ಬೆರಳುಗುರಿನಷ್ಟಿದೆ, ಬೆಲೆಯೂ ಬಹಳ ಕಡಿಮೆ. ಇದೊಂದು ಇದ್ದರೆ ಮೊದಲು ಹೇಳಿದ ಆ ಎಲ್ಲ ಪಂಕ್ಚರ್ ಅಂಗಡಿಗಳ, ಪೆಟ್ರೋಲ್ ಬಂಕುಗಳ ಕಂಪ್ರೆಸರ್ ನಿಮ್ಮದಾಗುತ್ತದೆ. ಇಡೀ ಚೀಲದಲ್ಲಿ ಇಷ್ಟು ಸಣ್ಣದು, ಇಷ್ಟು ಉಪಯೋಗದ್ದು ಇನ್ನೊಂದಿಲ್ಲ. ಲಾರಿಗೆ ಹೊಡೆಯುವ ಒತ್ತಡದಲ್ಲಿ ಒಮ್ಮೆಲೇ ಬಿಡಬೇಡಿ ಅಂತ ಅಂಗಡಿಯವರಿಗೆ ಹೇಳಿ, ಸ್ವಲ್ಪ ಸ್ವಲ್ಪ ಬಿಡುತ್ತ ಬೆರಳಿನಲ್ಲಿ ಒತ್ತಿ ನೋಡಿ.

ಇನ್ನು ಟೈರೇ ಹರಿದರೆ? ಒಳಗಿನಿಂದ ಒತ್ತು ಕೊಡಬೇಕು, ಇಲ್ಲವಾದರೆ ಟ್ಯೂಬ್ ಬಲೂನಿನ ಹಾಗೆ ಹೊರಗೆ ಉಬ್ಬಿ ಒಡೆಯುತ್ತದೆ. ಹಳೇ ರೋಡ್ ಟೈರಿನ ಅಂಚಿನ ತಂತಿ ತೆಗೆದು, ಮೂರು ನಾಲ್ಕು ಸೆಂಟಿಮೀಟರಿನ ತುಂಡು ಕತ್ತರಿಸಿ ಇಟ್ಟುಕೊಳ್ಳಿ. ಟೂತ್‌ಪೇಸ್ಟ್ ಟ್ಯೂಬಿನ ಚೂರೂ ಆಗುತ್ತದೆ. ಏನೂ ಇಲ್ಲದಿದ್ದರೆ ಹತ್ತು ರೂಪಾಯಿ ನೋಟು ಮಡಚಿ ಇಡಿ. ನಮ್ಮ ನೋಟು ಹತ್ತಿಯ ನಾರಿನದು, ತಡೆಯುತ್ತದೆ. ಗಾಳಿ ಕಡಿಮೆ ಹೊಡೆದು ನಿಧಾನ ಹೋಗಿ.

ಉಳಿದದ್ದು ಬೇಗ ಹೇಳುತ್ತೇನೆ. ಎರಡು ಲಿವರ್, 4, 5, 6ರ ಅಲೆನ್ ಕೀ ಇರುವ ಮಲ್ಟಿಟೂಲ್, ಒಂದು ಪುಟ್ಟ ಚಿಮುಟ, ತುಂಡಾದ ಚೈನನ್ನು ಕೂಡಿಸುವ ಕ್ವಿಕ್ ಲಿಂಕ್. ಥ್ರೂ ಆಕ್ಸಲ್, ಅಂದರೆ ಚಕ್ರದ ನಡುವೆ ತೂರಿಸಿ ತಿರುಗಿಸಿ ಬಿಗಿಯುವ ಅಚ್ಚು, ಇರುವವರು ಅದನ್ನು ಬಿಚ್ಚುವ ಕೀ ಚೀಲದಲ್ಲಿದೆಯಾ ಅಂತ ಈಗಲೇ ಹೋಗಿ ನೋಡಿ.

ಗಾಳಿ ಹೋಯಿತು ಅನ್ನೋಣ. ಹಿಂದಿನ ಚಕ್ರವೇ ಆಗಿರುವುದು ಹೆಚ್ಚು. ಚೈನನ್ನು ಹಿಂದಿನ ಅತಿ ಚಿಕ್ಕ ಹಲ್ಲುಚಕ್ರಕ್ಕೆ ಇಳಿಸಿ ಚಕ್ರ ತೆಗೆಯಿರಿ. ಟೈರನ್ನು ಒಂದೇ ಕಡೆಯಿಂದ ಬಿಡಿಸಿ ಟ್ಯೂಬ್ ಎಳೆಯಿರಿ. ಮನೆಯಲ್ಲಿ ಟೈರ್ ಹಾಕುವಾಗಲೇ ಅದರ ಹೆಸರಿನ ಅಕ್ಷರ ವಾಲ್ವಿನ ಪಕ್ಕಕ್ಕೇ ಬರುವ ಹಾಗೆ ಹಾಕಿದ್ದರೆ ಈಗ ಅದು ಕೈಹಿಡಿಯುತ್ತದೆ. ಟ್ಯೂಬಿಗೆ ಗಾಳಿ ಹೊಡೆದು ತೂತು ಹುಡುಕಿ, ವಾಲ್ವಿನಿಂದ ಎಷ್ಟು ದೂರ ಇದೆ ನೋಡಿ, ಟೈರಿನ ಮೇಲೂ ಅಷ್ಟೇ ದೂರದಲ್ಲಿ ಹುಡುಕಿ. ತೂತು ಹೊರಗಡೆ ಇದ್ದರೆ ಮುಳ್ಳು, ತಂತಿ, ಗಾಜು. ಒಳಗಡೆ, ರಿಮ್ಮಿನ ಕಡೆ ಇದ್ದರೆ ರಿಮ್ಮಿನೊಳಗೆ ಸುತ್ತಿದ ಟೇಪ್ ಸರಿದಿದೆ. ಎರಡಿದ್ದರೆ ಗುಂಡಿ. ವಾಲ್ವಿನ ಬುಡದಲ್ಲಿದ್ದರೆ ಪ್ಯಾಚ್ ನಿಲ್ಲುವುದಿಲ್ಲ, ಆ ಟ್ಯೂಬ್ ಬಿಟ್ಟುಬಿಡಿ.

ತಂತಿ ಹುಡುಕುವಾಗ ಅವಸರ ಬೇಡ. ಟೈರನ್ನು ಒಳಗಿನಿಂದ ಹೊರಕ್ಕೆ ಬಾಗಿಸಿ ನೋಡಿ, ಆ ಕಾಲುಚೀಲವನ್ನು ಒಳಗೆ ಸವರಿ. ತಂತಿ ಇದ್ದರೆ ದಾರ ಸಿಕ್ಕಿಕೊಳ್ಳುತ್ತದೆ, ಬೆರಳೂ ಉಳಿಯುತ್ತದೆ. ಚಿಮುಟದಲ್ಲಿ ಎಳೆಯಿರಿ. ಏನು ಚುಚ್ಚಿತು ಅಂತ ತಿಳಿಯದೆ ಹೊಸ ಟ್ಯೂಬ್ ಹಾಕಬೇಡಿ.

ಹೊಸ ಟ್ಯೂಬಿಗೆ ದುಂಡಗಾಗುವಷ್ಟು ಗಾಳಿ ಹಾಕಿಯೇ ಒಳಗಿಡಿ. ವಾಲ್ವಿನ ಎದುರು ಬದಿಯಿಂದ ಶುರುಮಾಡಿ ವಾಲ್ವಿನ ಹತ್ತಿರ ಮುಗಿಸಿ. ಕೊನೆಯ ಭಾಗ ಬಿಗಿ ಅನ್ನಿಸಿದರೆ ಎದುರು ಬದಿಯ ಟೈರನ್ನು ರಿಮ್ಮಿನ ನಡುವಿನ ಹಳ್ಳಕ್ಕೆ ಒತ್ತುತ್ತ ಬನ್ನಿ, ಅಲ್ಲಿ ವ್ಯಾಸ ಕಡಿಮೆ, ಸಡಿಲ ಸಿಗುತ್ತದೆ. ಕೊನೆಗೆ ಲಿವರ್ ಹಾಕಿ ಮೀಟಿದರೆ ಹೊಸ ಟ್ಯೂಬನ್ನೇ ಕಚ್ಚುತ್ತದೆ, ಹೆಬ್ಬೆರಳಿನಲ್ಲೇ ತಳ್ಳಿ. ಗಾಳಿ ತುಂಬುವ ಮೊದಲು ಸುತ್ತ ಎರಡೂ ಕಡೆ ನೋಡಿ, ಟ್ಯೂಬ್ ಎಲ್ಲಾದರೂ ಇಣುಕುತ್ತಿದೆಯಾ ಅಂತ.

ಕೊನೆಗೆ ಒಬ್ಬ ತಾಯಿ ಕೇಳಿದರು, ಮಗಳು ಬ್ರೆವೆ ಶುರು ಮಾಡಿದ್ದಾಳೆ, ರಾತ್ರಿ ಹೆದ್ದಾರಿಯಲ್ಲಿ ಪಂಕ್ಚರ್ ಆದರೆ ಏನು ಮಾಡಬೇಕು ಅಂತ. ಬ್ರೆವೆಯಲ್ಲಿ ಕಂಟ್ರೋಲ್, ಅಂದರೆ ದಾರಿಯ ತಪಾಸಣೆ ಜಾಗ, ಬಿಟ್ಟು ಮಧ್ಯೆ ಎಲ್ಲೂ ಹೊರಗಿನ ಸಹಾಯದ ಗಾಡಿ ಇಟ್ಟುಕೊಳ್ಳುವ ಹಾಗಿಲ್ಲ, ಅವರವರ ರಿಪೇರಿ ಅವರೇ ಮಾಡಿಕೊಳ್ಳಬೇಕು. ಆದರೆ ಗಾಳಿ ಹೋದ ಜಾಗದಲ್ಲೇ ಕೂರಬೇಕು ಅಂತ ಯಾವ ನಿಯಮವೂ ಇಲ್ಲ. ಬೆಳಕಿರುವ ಕಡೆಗೆ, ಪೆಟ್ರೋಲ್ ಬಂಕೋ ಟೋಲ್ ಗೇಟೋ ಢಾಬಾವೋ ಹತ್ತಿರ ಇದ್ದರೆ ಅಲ್ಲಿಯವರೆಗೆ ಸೈಕಲ್ ತಳ್ಳಿಕೊಂಡು ನಡೆಯಲಿ, ಒಂದು ಟ್ಯೂಬ್ ಹಾಳಾದರೂ ಚಿಂತೆಯಿಲ್ಲ. ಅಂಥ ಜಾಗ ಇಲ್ಲದಿದ್ದರೆ ಕಬ್ಬಿಣದ ತಡೆಗೋಡೆಯ ಆಚೆ ಬದಿಗೆ ಹೋಗಲಿ, ಈಚೆ ಬದಿಯಲ್ಲಿ ಬಗ್ಗಿ ಕೂರುವುದು ಬೇಡವೇ ಬೇಡ. ಪ್ರತಿಫಲಿಸುವ ಜಾಕೆಟ್ ಬಿಚ್ಚಬಾರದು, ಹಿಂದಿನ ಕೆಂಪು ದೀಪ ಬರುವ ವಾಹನಗಳ ಕಡೆಗೆ ಉರಿಯುತ್ತಿರಲಿ. ಕೆಲಸಕ್ಕೆ ತಲೆಗೆ ಕಟ್ಟುವ ದೀಪ ಬೇಕು, ಎರಡೂ ಕೈ ಖಾಲಿ ಇರಬೇಕಲ್ಲ. ಇದನ್ನೆಲ್ಲ ಅವಳು ಮನೆಯಲ್ಲಿ ದೀಪ ಆರಿಸಿ, ಆ ತಲೆದೀಪದ ಬೆಳಕಿನಲ್ಲೇ ಹಿಂದಿನ ಚಕ್ರ ಬಿಚ್ಚಿ ಒಮ್ಮೆ ಮಾಡಿ ನೋಡಲಿ ಅಂತ ಹೇಳಿದೆ. ಮುಂದಿನ ತಿಂಗಳು ಇಲ್ಲೇ ಎಲ್ಲರೂ ಸೇರಿ ಮಾಡೋಣ ಅಂತ ಸಭೆಯವರು ಒಪ್ಪಿದ್ದಾರೆ. ನಿಮ್ಮ ನಿಮ್ಮ ಚಕ್ರ, ಲಿವರು, ಪಂಪು ನೀವೇ ತನ್ನಿ. ನನ್ನದನ್ನು ಕೊಡುವುದಿಲ್ಲ, ಯಾಕೆಂದರೆ ರಸ್ತೆಯಲ್ಲಿ ನಿಮ್ಮ ಕೈಯಲ್ಲಿರುವುದು ನಿಮ್ಮದೇ.